ಮಂದ ಬೆಳಕಿನ ಫೋಟೊವನ್ನು ಮೊಬೈಲೇ ಬೆಳ್ಳಗೆ ಮಾಡಿಬಿಡುತ್ತೆ: ಕತ್ತಲನ್ನು ಕತ್ತಲಾಗಿ ಉಳಿಸೋದು ಹೇಗೆ?

ಸೊಡರು
ಕಾರ್ತಿಕ ಹತ್ತಿರ ಬಂತು, ಅದಕ್ಕೆ ಈಗಲೇ ಕೇಳ್ತಾ ಇದ್ದೀನಿ. ಹಣತೆ ಬೆಳಕಲ್ಲಿ ತೆಗೆದ ಫೋಟೊ ಟ್ಯೂಬ್‌ಲೈಟ್ ಹಾಕಿ ತೆಗೆದ ಹಾಗೆ ಬರುತ್ತೆ. ಮೂಲೆಯ ಸ್ವಿಚ್‌ಬೋರ್ಡ್ ಕೂಡ ಸ್ಪಷ್ಟವಾಗಿ ಕಾಣುತ್ತೆ, ದೀಪದ ಕುಡಿ ಮಾತ್ರ ಬರೀ ಬಿಳಿ ಚುಕ್ಕೆ. ತೆಗೆಯುವಾಗ ಪರದೆ ಮೇಲೆ ಸರಿಯಾಗೇ ಇರುತ್ತೆ, ಗ್ಯಾಲರಿಯಲ್ಲಿ ತೆರೆದ ಒಂದೆರಡು ಸೆಕೆಂಡಿಗೆ ತಾನಾಗಿಯೇ ಬೆಳ್ಳಗಾಗುತ್ತೆ. ಒಂದು ಸ್ಯಾಮ್‌ಸಂಗ್ ಗ್ಯಾಲಕ್ಸಿ, ಒಂದು ಐಫೋನ್ 13, ಎರಡರಲ್ಲೂ ಹೀಗೇ.

ಇದು ಯಾಕೆ ಆಗುತ್ತೆ, ತೆಗೆಯುವ ಮುಂಚೆ ಏನು ಬದಲಾಯಿಸಬೇಕು, ಈಗಾಗಲೇ ತೆಗೆದಿರುವ ಫೋಟೊಗಳನ್ನು ಸರಿಪಡಿಸಬಹುದಾ? ಬೇರೆ ಕ್ಯಾಮೆರಾ ಕೊಳ್ಳಿ ಅನ್ನೋ ಸಲಹೆ ಬೇಡ.

ಹಳೇಲೆನ್ಸ್
ಬೇರೆ ಕ್ಯಾಮೆರಾ ಬೇಕಿಲ್ಲ. ಆದರೆ ಕಾರಣ ಒಂದಲ್ಲ, ಮೂರು. ಮೂರನ್ನೂ ಬಿಡಿಸಿ ನೋಡಿದರೆ ಎಲ್ಲಿ ಕೈ ಹಾಕಬೇಕು ಅನ್ನೋದು ತಿಳಿಯುತ್ತೆ.

ಮೊದಲನೆಯದು ಮೀಟರಿಂಗ್, ಅಂದರೆ ಫೋನು ಬೆಳಕನ್ನು ಅಳೆಯುವ ಬಗೆ. ಎಷ್ಟು ಬೆಳಕು ಬೇಕು ಅಂತ ತಾನೇ ತೀರ್ಮಾನಿಸುವ ಕ್ಯಾಮೆರಾದ ಆಟೊ ಎಕ್ಸ್‌ಪೋಷರ್‌ಗೆ ಎದುರಿಗಿರೋದು ಮಧ್ಯಾಹ್ನದ ಬಯಲೋ ರಾತ್ರಿಯ ಗರ್ಭಗುಡಿಯೋ ಗೊತ್ತಿಲ್ಲ. ಚಿತ್ರದ ಸರಾಸರಿಯನ್ನು ನಡು ಬೂದು ಬಣ್ಣದ ಹತ್ತಿರಕ್ಕೆ ತರೋದು ಅದರ ಕೆಲಸ. ಫಿಲ್ಮ್ ಕಾಲದಿಂದಲೂ ಛಾಯಾಗ್ರಾಹಕರು ಬಳಸುವ 18 ಶೇಕಡಾ ಬೂದು ಕಾರ್ಡು ಇದೇ ಲೆಕ್ಕದ್ದು. ಚೌಕಟ್ಟಿನ ಮುಕ್ಕಾಲು ಭಾಗ ಕಪ್ಪಿದ್ದರೆ ಆ ಕಪ್ಪನ್ನೇ ಬೂದು ಮಾಡೋಕೆ ಹೋಗುತ್ತೆ. ಆಗ ಮೊದಲೇ ಬೆಳಗ್ಗಿದ್ದ ದೀಪದ ಕುಡಿ ಸುಟ್ಟು ಬಿಳಿಯಾಗುತ್ತೆ.

ಎರಡನೆಯದು ಹಲವು ಫ್ರೇಮುಗಳ ಜೋಡಣೆ. ಗೂಗಲ್ 2018ರ ನವೆಂಬರಿನಲ್ಲಿ ಪಿಕ್ಸೆಲ್ ಫೋನುಗಳಿಗೆ ನೈಟ್ ಸೈಟ್ ಕೊಟ್ಟಿತು. ಆಗಿನ ವಿವರಣೆ ಪ್ರಕಾರ ಕೈಯಲ್ಲಿ ಹಿಡಿದು ತೆಗೆದರೆ 15ರವರೆಗೆ ಫ್ರೇಮು, ಕೈ ನಡುಕ ನೋಡಿಕೊಂಡು ಒಂದೊಂದೂ 1/15ರಿಂದ 1/3 ಸೆಕೆಂಡು. ಟ್ರೈಪಾಡ್ ಮೇಲಿದ್ದರೆ 1 ಸೆಕೆಂಡಿನ ಆರು ಫ್ರೇಮು. ಅವನ್ನೆಲ್ಲ ಒಂದರ ಮೇಲೊಂದು ಕೂರಿಸಿ ನಾಯ್ಸ್, ಅಂದರೆ ಕತ್ತಲಲ್ಲಿ ಕಾಣುವ ಕಾಳನ್ನು, ಇಳಿಸುತ್ತೆ. ಆಪಲ್ 2019ರ ಐಫೋನ್ 11ರಲ್ಲಿ ನೈಟ್ ಮೋಡ್ ತಂದಿತು, ಅದು ಕತ್ತಲಾದರೆ ತಾನಾಗಿಯೇ ಶುರುವಾಗುತ್ತೆ. ಮೊದಲೆಲ್ಲ ನೆರಳನ್ನು ಎತ್ತಿದರೆ ಕಾಳು ಕಾಳು ಕಾಣುತ್ತಿತ್ತು, ಆ ಭಯಕ್ಕೆ ಕ್ಯಾಮೆರಾ ನೆರಳನ್ನು ಹಾಗೇ ಬಿಡುತ್ತಿತ್ತು. ಈಗ ನಾಯ್ಸ್ ಕಡಿಮೆಯಾದ ಕಾರಣ ಬಹಳಷ್ಟು ಎತ್ತಬಹುದು.

ಮೂರನೆಯದು ಟೋನ್ ಮ್ಯಾಪಿಂಗ್. ಗ್ಯಾಲರಿ ತೆರೆದ ಮೇಲೆ ಬದಲಾಗುತ್ತೆ ಅಂದ್ರಲ್ಲ, ಅದರ ಒಂದು ಭಾಗ ಇದು. ನೆರಳನ್ನು ಬೇರೆಯಾಗಿ ಎತ್ತಿ, ಬೆಳಕನ್ನು ಬೇರೆಯಾಗಿ ಇಳಿಸಿ, ಎರಡನ್ನೂ ಒಂದೇ ಚಿತ್ರದಲ್ಲಿ ಕೂರಿಸುವ ಸಂಸ್ಕರಣೆ. ಪರದೆಯಲ್ಲಿ ನೀವು ನೋಡಿದ್ದು ಅದಕ್ಕೆ ಮುಂಚಿನ ಅಂದಾಜು ಮಾತ್ರ. ದೀಪದ ಸುತ್ತ ಬೂದು ಪ್ರಭೆ ಕಂಡರೆ, ಗೋಡೆಯೂ ಮುಖವೂ ಒಂದೇ ಹೊಳಪಿನಲ್ಲಿದ್ದರೆ, ಈ ಹಂತ ಅತಿಯಾಗಿದೆ ಅಂತ ಅರ್ಥ.

ಇವತ್ತೇ ಮಾಡಿ ನೋಡಬಹುದಾದ್ದು ಒಂದಿದೆ. ಕ್ಲಿಕ್ ಮಾಡುವ ಮುಂಚೆ ಎಕ್ಸ್‌ಪೋಷರನ್ನು −1ಕ್ಕೆ ಇಳಿಸಿ. ಒಂದು ಇವಿ (ಎಕ್ಸ್‌ಪೋಷರ್ ಅಳತೆಯ ಒಂದು ಹಂತ, ಇದನ್ನೇ ಸ್ಟಾಪ್ ಅಂತಲೂ ಅಂತಾರೆ) ಇಳಿಸಿದರೆ ಬೆಳಕು ಅರ್ಧ, ಎರಡು ಇಳಿಸಿದರೆ ಕಾಲು ಭಾಗ. ದೀಪದ ಚಿತ್ರಗಳಿಗೆ −0.7ರಿಂದ −1.7ರ ನಡುವೆ ಸಾಮಾನ್ಯವಾಗಿ ಸರಿಹೋಗುತ್ತೆ. ಆಮೇಲೆ ಎಡಿಟ್ ಮಾಡಿ ಕತ್ತಲು ಮಾಡೋದಕ್ಕಿಂತ ಇದು ಮೇಲು, ಯಾಕಂದ್ರೆ ಸುಟ್ಟುಹೋದ ಕುಡಿಯ ಬಣ್ಣ ಯಾವ ಎಡಿಟಿಂಗ್‌ನಲ್ಲೂ ವಾಪಸ್ ಬರಲ್ಲ.

ಬಯಲುಸೀಮೆ
ಸ್ಯಾಮ್‌ಸಂಗ್‌ದಾಗ ಹೆಂಗ ಮಾಡೋದು ನಾ ಹೇಳ್ತೀನ್ರಿ.

ಫೋಟೊ ಮೋಡ್‌ನಾಗ ಕತ್ತಲ ಆದ ಕೂಡ್ಲೆ ಪರದೆ ಮ್ಯಾಲೆ ಸಣ್ಣ ಚಂದ್ರನ ಗುರ್ತು ಬರ್ತದ. ಅದನ್ನ ಒಮ್ಮೆ ಒತ್ರಿ, ಆಟೊ ನೈಟ್ ಬಂದ್ ಆಗ್ತದ. ಕೆಲವು ಎ ಸರಣಿ ಫೋನಿನ್ಯಾಗ ಈ ಗುರ್ತ ಇರೂದಿಲ್ಲ, ನೈಟ್ ಅನ್ನೋದು ಬ್ಯಾರೆ ಮೋಡ್ ಆಗಿ ಇರ್ತದ. ಅಂಥದ್ರಾಗ ಆ ಮೋಡಿಗೆ ಹೋಗದಿದ್ರ ಸಾಕು.

ಆಮ್ಯಾಲೆ ದೀಪದ ಹತ್ರ, ಖರೇ ಕುಡಿ ಮ್ಯಾಲಲ್ಲ, ಅದರ ಬೆಳಕು ಬಿದ್ದ ಜಾಗದಾಗ ಬೆರಳು ಒತ್ತಿ ಹಿಡೀರಿ. ಫೋಕಸ್, ಎಕ್ಸ್‌ಪೋಷರ್ ಎರಡೂ ಲಾಕ್ ಆಗಿ ಒಂದು ಪಟ್ಟಿ ಬರ್ತದ. ಅದನ್ನ ಕಡಿಮೆ ಕಡೆ ಎಳೀರಿ. ಲಾಕ್ ಮಾಡಲಿಲ್ಲಂದ್ರ ಯಾರರ ಅಡ್ಡ ಬಂದ ಕೂಡ್ಲೆ ಮತ್ತ ಬೆಳ್ಳಗ ಆಗ್ತದ.

ಹೊಸ ಎಸ್ ಸರಣಿ ಇದ್ರ ಕ್ಯಾಮೆರಾ ಸೆಟಿಂಗ್ಸ್‌ನಾಗ ಇಂಟೆಲಿಜೆಂಟ್ ಆಪ್ಟಿಮೈಸೇಶನ್ ಅಂತ ಅದ, ಅದನ್ನ ಮಿನಿಮಮ್‌ಗೆ ಇಡ್ರಿ. ಸ್ಯಾಮ್‌ಸಂಗ್‌ದ್ದೇ ಗುಡ್ ಲಾಕ್ ಆ್ಯಪ್‌ದಾಗ ಕ್ಯಾಮೆರಾ ಅಸಿಸ್ಟೆಂಟ್ ಹಾಕ್ಕೊಂಡ್ರ ಆಟೊ ಎಚ್‌ಡಿಆರ್ (ನೆರಳು ಎತ್ತಿ ಬೆಳಕು ಇಳಿಸೂದು) ಬಂದ್ ಮಾಡ್ಲಿಕ್ಕೆ ಬರ್ತದ. ಆದ್ರ ಒಂದು ನೆನಪಿಡ್ರಿ: ಎಚ್‌ಡಿಆರ್ ಪೂರ್ತಿ ತಗದ್ರ ನೆರಳು ಕಪ್ಪಾಗೇ ಉಳೀತದ ಖರೆ, ದೀಪ ಇನ್ನೂ ಹೆಚ್ಚು ಸುಡ್ತದ. ಅದಕ್ಕ ಎಚ್‌ಡಿಆರ್ ಬಂದ್ ಮಾಡಿದವ್ರು −1ಕ್ಕಿಂತ ಕೆಳಗ ಇಳೀಬೇಕು.

ಕೊಡಗುಮಳೆ
ಐಫೋನಿನ ಭಾಗ ನಾನು ಬರೆಯುತ್ತೇನೆ. ಐಒಎಸ್ ಆವೃತ್ತಿ ಬದಲಾದಂತೆ ಗುಂಡಿಗಳ ಜಾಗ ಬದಲಾಗುತ್ತದೆ, ಹೆಸರುಗಳು ಬಹುಮಟ್ಟಿಗೆ ಇವೇ.

ಕತ್ತಲಲ್ಲಿ ಹಳದಿ ಚಂದ್ರನ ಗುರುತು, ಪಕ್ಕದಲ್ಲಿ 1 ಅಥವಾ 3 ಸೆಕೆಂಡ್ ಎಂದು ಕಾಣುತ್ತದಲ್ಲ, ಅದನ್ನು ಒತ್ತಿ ಡಯಲನ್ನು ಆಫ್‌ಗೆ ಸರಿಸಿ. ಕ್ಯಾಮೆರಾ ಮುಚ್ಚಿ ತೆರೆದರೆ ನೈಟ್ ಮೋಡ್ ಮತ್ತೆ ಹಾಜರಾಗುತ್ತದೆ. ಅದಕ್ಕೆ ಸೆಟಿಂಗ್ಸ್, ಕ್ಯಾಮೆರಾ, ಪ್ರಿಸರ್ವ್ ಸೆಟಿಂಗ್ಸ್‌ಗೆ ಹೋಗಿ ನೈಟ್ ಮೋಡ್ ಎಂಬುದನ್ನು ಆನ್ ಮಾಡಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಆ ಸ್ವಿಚ್ಚು ನೈಟ್ ಮೋಡನ್ನು ಆನ್ ಮಾಡುವುದಲ್ಲ. ನೀವು ಕೊನೆಯಲ್ಲಿ ಏನು ಆರಿಸಿದ್ದಿರೋ ಅದನ್ನು ನೆನಪಿಟ್ಟುಕೊಳ್ಳುವುದು. ಸ್ವಿಚ್ ಆನ್ ಇರಬೇಕು, ಕ್ಯಾಮೆರಾದೊಳಗೆ ನೈಟ್ ಮೋಡ್ ಆಫ್ ಇರಬೇಕು.

ಅದೇ ಪುಟದಲ್ಲಿ ಎಕ್ಸ್‌ಪೋಷರ್ ಅಡ್ಜಸ್ಟ್‌ಮೆಂಟ್ ಕೂಡ ಇದೆ. ಅದನ್ನೂ ಆನ್ ಮಾಡಿದರೆ ನೀವು ಇಟ್ಟ −1 ಮುಂದಿನ ಸಲವೂ ಹಾಗೇ ಇರುತ್ತದೆ. ಇಡೀ ದೀಪೋತ್ಸವಕ್ಕೆ ಒಮ್ಮೆ ಇಟ್ಟರೆ ಸಾಕು. ಬೆಳಿಗ್ಗೆ ಸೊನ್ನೆಗೆ ತರುವುದು ಮರೆತರೆ ಹಗಲಿನ ಫೋಟೊಗಳೂ ಮಂಕಾಗುತ್ತವೆ.

ಪರದೆ ಮೇಲೆ ಒತ್ತಿದಾಗ ಬರುವ ಸೂರ್ಯನ ಚಿಹ್ನೆಯನ್ನು ಕೆಳಗೆ ಎಳೆಯುವುದು ಬೇರೆ, ಈ −2ರಿಂದ +2ರ ಅಳತೆಪಟ್ಟಿ ಬೇರೆ. ಸೂರ್ಯನ ಚಿಹ್ನೆ ಆ ಒಂದು ಚೌಕಟ್ಟಿಗೆ ಮಾತ್ರ. ಫೋನ್ ಅಲುಗಾಡಿ ದೃಶ್ಯ ಬದಲಾದರೆ ರದ್ದಾಗುತ್ತದೆ. ಒತ್ತಿ ಹಿಡಿದು ಎಇ/ಎಎಫ್ ಲಾಕ್ ಎಂದು ಬಂದ ಮೇಲೆ ಎಳೆದರೆ ನಿಲ್ಲುತ್ತದೆ.

ಐಫೋನ್ 13ರಲ್ಲಿ ಫೋಟೊಗ್ರಾಫಿಕ್ ಸ್ಟೈಲ್ಸ್ ಇದೆ. ಅದರಲ್ಲಿ ರಿಚ್ ಕಾಂಟ್ರಾಸ್ಟ್ ಆರಿಸಿದರೆ ನೆರಳು ಸ್ವಲ್ಪ ಗಾಢವಾಗಿ ಬರುತ್ತದೆ, ಆದರೆ ತೆಗೆದ ಮೇಲೆ ಬದಲಿಸಲಾಗದು. 16ರಿಂದ ಈಚಿನ ಫೋನುಗಳಲ್ಲಿ ಟೋನ್ ಎಂಬ ಹೊಂದಾಣಿಕೆ ಬಂದಿದೆ. ಅದನ್ನು ಇಳಿಸಿದರೆ ನೆರಳನ್ನು ಎತ್ತುವ ಕೆಲಸವೇ ಕಡಿಮೆಯಾಗುತ್ತದೆ, ಆಮೇಲೂ ಬದಲಿಸಬಹುದು. ನನ್ನ ಲೆಕ್ಕದಲ್ಲಿ ಈ ಸಮಸ್ಯೆಗೆ ತಯಾರಕರ ಕಡೆಯಿಂದ ಬಂದ ನೇರ ಉತ್ತರ ಅದೊಂದೇ.

ಸೊಡರು
ಇಬ್ಬರಿಗೂ ಧನ್ಯವಾದ. −1.3ಕ್ಕೆ ಇಟ್ಟರೆ ಕುಡಿಯ ಬಣ್ಣ ಉಳಿಯಿತು, ಮೂಲೆಯೂ ಕಪ್ಪಾಯಿತು. ಆದರೆ ಹಳದಿ ಬೆಳಕು ಅರ್ಧಂಬರ್ಧ ಬಿಳಿಯಾಗೇ ಬರ್ತಿದೆ. ಎಲ್ಲವನ್ನೂ ಕೈಯಾರೆ ಇಡುವ ಪ್ರೊ ಮೋಡ್‌ಗೆ ಹೋದರೆ ಐಎಸ್‌ಒ, ಶಟರ್ ಎಷ್ಟು ಇಡಬೇಕು?

ಹಳೇಲೆನ್ಸ್
ಲೆಕ್ಕ ಹಾಕಿ ಇಡಬಹುದು, ಊಹೆ ಬೇಡ. ಐಎಸ್‌ಒ ಅಂದರೆ ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನೋದು, ಶಟರ್ ಅಂದರೆ ಎಷ್ಟು ಹೊತ್ತು ಬೆಳಕು ಬಿಡಬೇಕು ಅನ್ನೋದು. ಒಂದು ಮೇಣದಬತ್ತಿ ಒಂದು ಮೀಟರ್ ದೂರದಲ್ಲಿ ಹೆಚ್ಚುಕಡಿಮೆ 1 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಕೊಡುತ್ತೆ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಹಾಗಾಗಿ 30 ಸೆಂಟಿಮೀಟರಿನಲ್ಲಿ 11 ಲಕ್ಸ್ ಹತ್ತಿರ. ಒಳ್ಳೇ ಬತ್ತಿಯ ಹಣತೆಯನ್ನೂ ಇದೇ ಅಂದಾಜಿಗೆ ಹಿಡಿಯಿರಿ.

ಈಗಿನ ಫೋನಿನ ಮುಖ್ಯ ಲೆನ್ಸಿನಲ್ಲಿ ಬೆಳಕು ಬಿಡುವ ರಂಧ್ರ ಎಫ್/1.8 ಆಸುಪಾಸು, ಬಹುತೇಕ ಫೋನುಗಳಲ್ಲಿ ಅದನ್ನು ಬದಲಿಸೋಕೆ ಬರಲ್ಲ. ಐಎಸ್‌ಒ 800 ಇಟ್ಟರೆ, 11 ಲಕ್ಸ್‌ಗೆ ಮೀಟರ್ ಕೇಳೋದು 1/10 ಸೆಕೆಂಡ್. ಅದನ್ನು ಕೊಟ್ಟರೆ ಮುಖ ಹಗಲಿನ ಹಾಗೆ ಬರುತ್ತೆ. ದೀಪದ ಬೆಳಕು ಅನ್ನಿಸಬೇಕಾದರೆ ಒಂದೂಕಾಲು ಸ್ಟಾಪ್ ಕಡಿಮೆ, ಅಂದರೆ 1/25 ಇಡಿ. ಐದಾರು ಹಣತೆ ಅಷ್ಟೇ ದೂರದಲ್ಲಿದ್ದರೆ ಐಎಸ್‌ಒ 400, 1/50. ಹಣತೆ ಮಾತ್ರ ಬೇಕು, ಮುಖ ಇಲ್ಲ ಅಂದರೆ ಐಎಸ್‌ಒ 100, 1/60ರಿಂದ ಶುರು ಮಾಡಿ, ಕುಡಿಯ ಒಳಗೆ ಕಿತ್ತಳೆ ಬಣ್ಣ ಕಾಣೋವರೆಗೆ ಶಟರ್ ವೇಗ ಏರಿಸಿ.

ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸೋ ಮುಂಚೆ ಹಣತೆಯನ್ನೇ ಮುಖದ ಹತ್ತಿರ ತನ್ನಿ. 60ರಿಂದ 30 ಸೆಂಟಿಮೀಟರಿಗೆ ತಂದರೆ ಎರಡು ಸ್ಟಾಪ್ ಲಾಭ. ಐಎಸ್‌ಒ 3200ರಲ್ಲಿ ಆಗಬೇಕಾದ ಕೆಲಸ 800ರಲ್ಲಿ ಮುಗಿಯುತ್ತೆ.

ಬಣ್ಣದ ಪ್ರಶ್ನೆ ವೈಟ್ ಬ್ಯಾಲೆನ್ಸ್‌ದು, ಅಂದರೆ ಯಾವುದನ್ನು ಬಿಳಿ ಅಂತ ಹಿಡಿಯಬೇಕು ಅನ್ನೋ ಲೆಕ್ಕದ್ದು. ಎಣ್ಣೆ ದೀಪದ ಬೆಳಕು ಸುಮಾರು 1900 ಕೆಲ್ವಿನ್ (ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ). ಆಟೊದಲ್ಲಿ ಬಿಟ್ಟರೆ ಫೋನು ಅದನ್ನು ಬಿಳಿ ಮಾಡೋಕೆ ನೋಡುತ್ತೆ. ಪ್ರೊ ಮೋಡ್‌ನಲ್ಲಿ 3000ಕ್ಕೆ ಇಟ್ಟರೆ ಬೆಚ್ಚಗಿನ ಹಳದಿ ಉಳಿಯುತ್ತೆ. 4000ಕ್ಕೆ ಹೋದರೆ ಕಿತ್ತಳೆ, 5500ಕ್ಕೆ ಹೋದರೆ ಮುಖವೆಲ್ಲ ಕುಂಕುಮದ ಬಣ್ಣ.

ಅಂಗಳ
ಒಂದು ಭಿನ್ನಾಭಿಪ್ರಾಯ ಹೇಳಬೇಕು. ನೈಟ್ ಮೋಡ್ ತೆಗೆದುಹಾಕಿ ಅಂತ ಎಲ್ಲರಿಗೂ ಹೇಳೋದು ಸರಿಯಲ್ಲ. ಮನೆಯಲ್ಲಿ ಕರೆಂಟ್ ಇಲ್ಲದಾಗ ಮಗುವಿನ ಮುಖ ಕಾಣುವ ಫೋಟೊ ಬೇಕು ಅನ್ನುವವರಿಗೆ ಅದು ದೊಡ್ಡ ಉಪಕಾರ. ಹತ್ತು ವರ್ಷದ ಹಿಂದಿನ ಫೋನಿನಲ್ಲಿ ಅಂಥ ಕಡೆ ಬರೀ ಕಪ್ಪು ಕಲೆ ಬರುತ್ತಿತ್ತು. ಕಂಪನಿಗಳು ಜನಕ್ಕೆ ಬೇಕಾದ್ದನ್ನೇ ಕೊಟ್ಟಿವೆ.

ಹಳೇಲೆನ್ಸ್
ಅಂಗಳ ಅವರೇ, ಮುಖ ಕಾಣಬೇಕಾದ ಕಡೆ ನೈಟ್ ಮೋಡೇ ಸರಿ. ಆಕ್ಷೇಪ ಇರೋದು ಕೇಳದೆ ಮಾಡೋದರ ಬಗ್ಗೆ. ಗೂಗಲ್‌ನವರೇ 2018ರ ವಿವರಣೆಯಲ್ಲಿ ಈ ಅಪಾಯವನ್ನು ಬರೆದಿದ್ದರು: ರಾತ್ರಿಯ ಚಿತ್ರವನ್ನು ತೀರಾ ಬೆಳಗಿಸಿದರೆ ನೋಡುವವರಿಗೆ ಹೊತ್ತು ಯಾವುದು ಅನ್ನೋದೇ ತಪ್ಪಿಹೋಗುತ್ತೆ, ಅದಕ್ಕೆ ಕಾಂಟ್ರಾಸ್ಟ್ ಹೆಚ್ಚಿಸಿ ನೆರಳನ್ನು ಕಪ್ಪಿಗೆ ಬಿಡುತ್ತೇವೆ ಅಂತ. ಆ ಎಚ್ಚರಿಕೆ ಎಲ್ಲ ಕಂಪನಿಗಳ ಎಲ್ಲ ಮಾದರಿಗಳಲ್ಲೂ ಕಾಣೋದಿಲ್ಲ. ಅಂಗಡಿಯಲ್ಲಿ ಎರಡು ಫೋನು ಪಕ್ಕಪಕ್ಕ ಇಟ್ಟರೆ ಬೆಳಗ್ಗಿರೋದೇ ಗೆಲ್ಲುತ್ತೆ, ಅದಕ್ಕೆ ಅಲ್ಲಿಗೇ ಎಳೆಯುತ್ತಾರೆ ಅನ್ನೋದು ನನ್ನ ಅಭಿಪ್ರಾಯ.

ಮಗು ಅಂದ್ರಲ್ಲ, ಅಲ್ಲೂ ಒಂದು ತೊಡಕಿದೆ. ನೈಟ್ ಮೋಡ್ 3 ಸೆಕೆಂಡ್ ತೆಗೆದುಕೊಂಡರೆ ಮಗು ಸುಮ್ಮನಿರಲ್ಲ. ಜೋಡಿಸುವಾಗ ಅಲುಗಿದ ಜಾಗವನ್ನು ಒಂದೆರಡು ಫ್ರೇಮಿನಿಂದಲೇ ತೆಗೆದುಕೊಳ್ಳುತ್ತೆ. ಹಾಗಾಗಿ ಗೋಡೆ ಚೊಕ್ಕಟ, ಕೈ ಬೆರಳು ಮೇಣದ ಹಾಗೆ. ಸೆಕೆಂಡನ್ನು 1ಕ್ಕೆ ಇಳಿಸಿ, ಒಂದು ಹೆಚ್ಚುವರಿ ದೀಪ ಹಚ್ಚಿ.

ಮಸಿಕುಡಿಕೆ
ಮುಖದ ಮಾತು ಬಂದ ಮೇಲೆ ಇದನ್ನೂ ಹೇಳಲೇಬೇಕು. ಫೋನು ಮುಖ ಗುರುತಿಸಿದ ತಕ್ಷಣ ಮೀಟರಿಂಗ್ ಮುಖದ ಕಡೆ ವಾಲುತ್ತೆ. ಎಣ್ಣೆಗಪ್ಪು ಬಣ್ಣದ ಮುಖವಿದ್ದರೆ ಅದನ್ನೂ ನಡು ಬೂದಿಗೆ ಎಳೆಯೋಕೆ ಹೋಗಿ ಎರಡು ಛಾಯೆ ತಿಳಿ ಮಾಡುತ್ತೆ. ಮಂದ ಬೆಳಕಿನಲ್ಲಿ ಇದು ದುಪ್ಪಟ್ಟು. ಗೂಗಲ್ 2021ರ ಪಿಕ್ಸೆಲ್ 6ರ ಜೊತೆ ರಿಯಲ್ ಟೋನ್ ಅಂತ ತಂದದ್ದು ಇದನ್ನು ತಿದ್ದೋಕೇ. ಕೆಲವು ಫೋನುಗಳಲ್ಲಿ ಬ್ಯೂಟಿ ಫಿಲ್ಟರ್ ಮೊದಲೇ ಆನ್ ಆಗಿರುತ್ತೆ, ಮುಂದಿನ ಕ್ಯಾಮೆರಾದಲ್ಲಂತೂ ಇನ್ನೂ ಹೆಚ್ಚು.

ಬ್ಯೂಟಿಯನ್ನು ಸೊನ್ನೆಗೆ ಇಳಿಸಿ. ಮುಖದ ಮೇಲಲ್ಲ, ಅದೇ ಬೆಳಕು ಬಿದ್ದ ನಡು ಬಣ್ಣದ ಬಟ್ಟೆ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ. ಬಿಳಿ ಪಂಚೆ ಮೇಲೆ ಒತ್ತಿದರೆ ಚಿತ್ರ ತೀರಾ ಕಪ್ಪಾಗುತ್ತೆ, ಕಪ್ಪು ಕೋಟಿನ ಮೇಲೆ ಒತ್ತಿದರೆ ಬೆಳ್ಳಗಾಗುತ್ತೆ. ಮನುಷ್ಯರ ಮೈಬಣ್ಣವನ್ನು ಅವರಿಗೆ ಹೇಳದೆ ಬದಲಿಸೋದು ಸಣ್ಣ ವಿಷಯ ಅಲ್ಲ. ಮದುವೆ ಮನೆಯಲ್ಲಿ ಫೋಟೊ ತೆಗೆಯುವವರು ಇಷ್ಟು ಮಾಡಲೇಬೇಕು.

ಚೆಂಡೆಮದ್ದಳೆ
ಯಕ್ಷಗಾನಕ್ಕೆ ಯಾವ ಸೆಟಿಂಗ್ ಮಾರಾಯ್ರೆ? ಹಿಂದೆ ಪೂರ್ತಿ ಕಪ್ಪು, ರಂಗಸ್ಥಳದ ಮೇಲೆ ಜೋರು ಲೈಟು. ವೇಷದ ಮುಖ ಬಿಳೀ ಹಲಗೆ ಥರ ಬರ್ತದೆ, ಬಣ್ಣಗಾರಿಕೆ ಒಂದೂ ಕಾಣುದಿಲ್ಲ.

ಮಸಿಕುಡಿಕೆ
ಅಲ್ಲಿ ಆಗೋದೂ ಇದೇ, ಚೌಕಟ್ಟಿನ ಕಪ್ಪು ಬಯಲು ಮೀಟರನ್ನು ದಾರಿ ತಪ್ಪಿಸುತ್ತೆ. ದೂರದಿಂದ ಇಡೀ ರಂಗಸ್ಥಳ ತೆಗೆದಷ್ಟೂ ಕಪ್ಪು ಹೆಚ್ಚು, ಮುಖ ಹೆಚ್ಚು ಸುಡುತ್ತೆ. ಪ್ರೊ ಮೋಡ್‌ನಲ್ಲಿ ಐಎಸ್‌ಒ 400, 1/125ರಿಂದ ಶುರು ಮಾಡಿ. ಬಣ್ಣದ ವೇಷ (ರಾಕ್ಷಸ ಪಾತ್ರ) ಬಂದಾಗ ಇನ್ನೂ ಅರ್ಧ ಸ್ಟಾಪ್ ಇಳಿಸಿ, ಮುಖದ ಮೇಲೆ ಅಕ್ಕಿ ಹಿಟ್ಟಿನಿಂದ ಇಡುವ ಚುಟ್ಟಿ ಎಲ್ಲಕ್ಕಿಂತ ಮೊದಲು ಸುಡುತ್ತೆ. ಚುಟ್ಟಿಯ ಒಂದೊಂದು ಮುಳ್ಳೂ ಬಿಡಿಬಿಡಿಯಾಗಿ ಕಂಡರೆ ಎಕ್ಸ್‌ಪೋಷರ್ ಸರಿಯಿದೆ ಅಂತ. ಸ್ಯಾಮ್‌ಸಂಗ್ ಪ್ರೊ ಮೋಡ್‌ನಲ್ಲಿ ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯೋದು) ಇದೆ, ಅದನ್ನು ಮುಖದ ಮೇಲೆ ಇಟ್ಟು +0.7 ಕೊಟ್ಟರೂ ಆಗುತ್ತೆ.

ಕೆಂಪು ಎಲ್‌ಇಡಿ ಬಿದ್ದಾಗ ಕೆಂಪು ಚಾನೆಲ್ ಒಂದೇ ತುಂಬಿ ಉಕ್ಕುತ್ತೆ, ಆಗ ಕಿರೀಟದ ಕೆತ್ತನೆ ಎಲ್ಲ ಒಂದೇ ಕೆಂಪು ಮುದ್ದೆ. ಅದಕ್ಕೆ ಇನ್ನೊಂದು ಪೂರ್ತಿ ಸ್ಟಾಪ್ ಇಳಿಸಬೇಕು. ಕುಣಿತಕ್ಕೆ 1/250 ಬೇಕು, ಅರ್ಥಗಾರಿಕೆ ನಡೆಯುವಾಗ 1/60 ಸಾಕು.

ಬಯಲುಸೀಮೆ
ಇದರ ಕೂಡ ಲೈಟಿನ ಪಟ್ಟಿ ಪಟ್ಟಿ ಬರೂದನ್ನೂ ಹೇಳ್ರಿ. ನಮ್ಮ ಕರೆಂಟ್ 50 ಹರ್ಟ್ಜ್, ಲೈಟು ಸೆಕೆಂಡಿಗೆ 100 ಸಲ ಮಿನುಗ್ತದ. ಶಟರ್ 1/50 ಅಥವಾ 1/100 ಇಟ್ರ ಪಟ್ಟಿ ಬರೂದಿಲ್ಲ, 1/125, 1/250 ಇಟ್ರ ಕೆಲವು ಲೈಟಿನ್ಯಾಗ ಬರ್ತಾವ. ಅಂಥಾ ಕಡೆ ಮೊದಲು 1/100 ನೋಡ್ರಿ. ಅಗ್ಗದ ಸೀರಿಯಲ್ ಲೈಟು, ಮಂದ ಮಾಡಿದ ಎಲ್‌ಇಡಿ ಬ್ಯಾರೆ ವೇಗದಾಗ ಮಿನುಗ್ತಾವ, ಅವಕ್ಕ ಒಂದೊಂದೇ ಶಟರ್ ಹಾಕಿ ನೋಡೂದ ಬಿಟ್ರ ದಾರಿ ಇಲ್ಲ.

ಕಂಬ_ನಂಬರ್
ನನ್ನ ಪ್ರಶ್ನೆ ಕಲೆಯದ್ದಲ್ಲ. ಬೀದಿದೀಪ ಕೆಟ್ಟಿದೆ ಅಂತ ಪಂಚಾಯಿತಿಗೋ ನಗರಸಭೆಗೋ ದೂರು ಕೊಡುವಾಗ ಫೋಟೊ ಹಾಕಬೇಕು. ಫೋನಿನ ಫೋಟೊದಲ್ಲಿ ರಸ್ತೆ ಬೆಳ್ಳಗೆ, ಗುಂಡಿ ಸಹ ಕಾಣೋ ಹಾಗೆ ಬರುತ್ತೆ. ಕತ್ತಲಿದೆ ಅನ್ನೋದಕ್ಕೆ ಪುರಾವೆಯೇ ಇಲ್ಲದಂತಾಗುತ್ತೆ. ಏನು ಮಾಡಬೇಕು?

ಹಳೇಲೆನ್ಸ್
ಈ ಎಳೆಯಲ್ಲಿ ಬಂದ ಅತಿ ಮುಖ್ಯ ಪ್ರಶ್ನೆ ಇದು. ಇಲ್ಲಿ ಅಂದ ಬೇಡ, ಹೋಲಿಕೆ ಬೇಕು.

ಪ್ರೊ ಮೋಡ್ ಇಲ್ಲದ ಆ್ಯಂಡ್ರಾಯ್ಡ್ ಫೋನಾದರೆ ಓಪನ್ ಕ್ಯಾಮೆರಾ ಅನ್ನೋ ಉಚಿತ ಆ್ಯಪ್ ಹಾಕಿಕೊಳ್ಳಿ. ಸೆಟಿಂಗ್ಸ್‌ನಲ್ಲಿ ಕ್ಯಾಮೆರಾ ಎಪಿಐ ಅನ್ನೋದನ್ನು ಕ್ಯಾಮೆರಾ2ಕ್ಕೆ ಬದಲಿಸಿದರೆ, ಫೋನು ಒಪ್ಪುವುದಾದರೆ, ಐಎಸ್‌ಒ ಮತ್ತು ಶಟರ್ ಕೈಗೆ ಸಿಗುತ್ತವೆ. ಐಎಸ್‌ಒ 800, ಶಟರ್ 1/15, ವೈಟ್ ಬ್ಯಾಲೆನ್ಸ್ 4000 ಕೆಲ್ವಿನ್. ಎಫ್/1.8 ಲೆನ್ಸಿಗೆ ಈ ಅಳತೆ ಸುಮಾರು 15 ಲಕ್ಸ್ ಬೆಳಕಿರುವ ಜಾಗವನ್ನು ಸಹಜವಾಗಿ ತೋರಿಸುತ್ತೆ. ಚೆನ್ನಾಗಿ ದೀಪ ಉರಿಯುವ ಬೀದಿಯ ಮಟ್ಟ ಅದು. ದೀಪವಿಲ್ಲದ ರಸ್ತೆ, ಬೆಳದಿಂಗಳಿದ್ದರೂ, ಅರ್ಧ ಲಕ್ಸ್‌ಗಿಂತ ಕಡಿಮೆ. ಅಂದರೆ ಐದು ಸ್ಟಾಪಿಗೂ ಕೆಳಗೆ, ಚಿತ್ರದಲ್ಲಿ ಹೆಚ್ಚುಕಡಿಮೆ ಪೂರ್ತಿ ಕಪ್ಪು.

ಮೊದಲು ಅದೇ ರಸ್ತೆಯಲ್ಲಿ ದೀಪ ಉರಿಯುವ ಕಂಬದ ಕೆಳಗೆ ಒಂದು ಚಿತ್ರ. ಒಂದು ಅಳತೆಯನ್ನೂ ಮುಟ್ಟದೆ, ಕೆಟ್ಟ ಕಂಬದ ಕೆಳಗೆ ಇನ್ನೊಂದು. ಎರಡನ್ನೂ ಜೊತೆಯಾಗಿ ಕಳಿಸಿ. ಕಪ್ಪು ಚಿತ್ರ ಒಂದನ್ನೇ ಕಳಿಸಿದರೆ ಬೇಕೆಂದೇ ಕಪ್ಪು ಮಾಡಿದ್ದಾರೆ ಅನ್ನಬಹುದು. ಜೊತೆಗೆ ಬೆಳಕಿನ ಚಿತ್ರ ಇದ್ದರೆ, ಎರಡರ ಎಕ್ಸಿಫ್‌ನಲ್ಲೂ (ಫೋಟೊ ಕಡತದೊಳಗೆ ದಾಖಲಾಗುವ ಕ್ಯಾಮೆರಾ ಅಳತೆಗಳು) ಒಂದೇ ಐಎಸ್‌ಒ, ಒಂದೇ ಶಟರ್ ಕಂಡರೆ, ಆ ಮಾತಿಗೆ ಎಡೆಯಿಲ್ಲ. ಕಂಬದ ಸಂಖ್ಯೆ ಓದೋಕೆ ಮಾತ್ರ ಮೂರನೆಯದೊಂದನ್ನು ಟಾರ್ಚ್ ಹಾಕಿ ತೆಗೆಯಿರಿ. ನೈಟ್ ಮೋಡ್ ಚಿತ್ರದ ಎಕ್ಸಿಫ್ ಅನ್ನು ಇದಕ್ಕೆ ಬಳಸಬೇಡಿ, ಹಲವು ಫ್ರೇಮು ಕೂಡಿಸಿ ಎತ್ತಿದ ಮೇಲೆ ಆ ಅಂಕಿಗಳಿಗೂ ಚಿತ್ರದ ಹೊಳಪಿಗೂ ನೇರ ಸಂಬಂಧ ಇರಲ್ಲ.

ಆ್ಯಂಡ್ರಾಯ್ಡ್ ಫೋನಿನ ಲಕ್ಸ್ ಮೀಟರ್ ಆ್ಯಪ್‌ಗಳು ಸಾಮಾನ್ಯವಾಗಿ ಪರದೆಯ ಪಕ್ಕದ ಬೆಳಕಿನ ಸೆನ್ಸರನ್ನು ಓದುತ್ತವೆ. ನಿಖರವಲ್ಲ. ಎರಡು ಕಂಬಗಳ ನಡುವಿನ ವ್ಯತ್ಯಾಸ ತೋರಿಸೋಕೆ ಸಾಕು, ಇಷ್ಟೇ ಲಕ್ಸ್ ಅಂತ ದೂರಿನಲ್ಲಿ ಬರೆಯೋಕೆ ಸಾಲದು.

ಅಂಗಳ
ಬೀದಿದೀಪದ ಉದಾಹರಣೆ ಒಪ್ಪಿಕೊಳ್ಳುವಂಥದ್ದು. ಕೇಳದೆ ಬೆಳಗಿಸೋದರಿಂದ ಇಂಥ ನಷ್ಟವೂ ಇದೆ. ಕುಟುಂಬದ ಫೋಟೊಗೆ ನೈಟ್ ಮೋಡ್ ಇರಲಿ, ಉಳಿದದ್ದಕ್ಕೆ ಆಫ್. ಎರಡನ್ನೂ ತೆಗೆದು ಆಮೇಲೆ ಆರಿಸಿಕೊಳ್ಳೋದು ಒಳ್ಳೇದು ಅಂತ ನನ್ನ ಸಲಹೆ.

ಕೊಡಗುಮಳೆ
ಸೊಡರು ಅವರು ಹೇಳಿದ "ಗ್ಯಾಲರಿಯಲ್ಲಿ ತಾನಾಗಿಯೇ ಬೆಳ್ಳಗಾಗುತ್ತೆ" ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಚಿತ್ರದ್ದಲ್ಲ, ಪರದೆಯದ್ದು. ಈಗಿನ ಫೋನುಗಳು ಜೆಪೆಗ್ ಅಥವಾ ಹೈಫ್ ಕಡತದ ಒಳಗೇ ಗೇನ್ ಮ್ಯಾಪ್ ಎಂಬ ಎರಡನೇ ಪದರ ಇಡುತ್ತವೆ. ಚಿತ್ರ ತೆರೆದ ಮೇಲೆ ಪರದೆ ಆ ಪದರ ಓದಿ ಬೆಳಗ್ಗಿರುವ ಜಾಗಗಳನ್ನು ಇನ್ನೂ ಹೊಳೆಯಿಸುತ್ತದೆ. 2023ರ ಆ್ಯಂಡ್ರಾಯ್ಡ್ 14ರಲ್ಲಿ ಇದರ ಹೆಸರು ಅಲ್ಟ್ರಾ ಎಚ್‌ಡಿಆರ್.

ಐಫೋನಿನಲ್ಲಿ ಸೆಟಿಂಗ್ಸ್, ಫೋಟೊಸ್ ಒಳಗೆ ವ್ಯೂ ಫುಲ್ ಎಚ್‌ಡಿಆರ್ ಆಫ್ ಮಾಡಿ ಒಮ್ಮೆ ನೋಡಿ. ಚಿತ್ರ ಸರಿಯಾಗಿ ಕಂಡರೆ ನಿಮ್ಮ ಎಕ್ಸ್‌ಪೋಷರ್‌ನಲ್ಲಿ ತಪ್ಪಿಲ್ಲ. ಪಿಕ್ಸೆಲ್‌ನಲ್ಲಿ ಕ್ಯಾಮೆರಾ ಸೆಟಿಂಗ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಅಲ್ಟ್ರಾ ಎಚ್‌ಡಿಆರ್ ಸ್ವಿಚ್ ಇದೆ.

ಕತ್ತಲೆ ಕೋಣೆಯಲ್ಲಿ ಕೂತು ಚಿತ್ರದ ಹೊಳಪು ತೀರ್ಮಾನಿಸಬೇಡಿ. ಸುತ್ತ ಕತ್ತಲಿದ್ದಾಗ ಎಂಥ ಮಂಕು ಚಿತ್ರವೂ ಬೆಳಗಿ ಕಾಣುತ್ತದೆ. ಅದನ್ನು ನಂಬಿ −2ಕ್ಕೆ ಇಳಿಸಿದ ಚಿತ್ರ ಮರುದಿನ ಬಿಸಿಲಿನಲ್ಲಿ ಏನೂ ಕಾಣುವುದಿಲ್ಲ. ಮುದ್ರಣಕ್ಕೆ ಕೊಡುವವರು ಪರದೆಯಲ್ಲಿ ಕಂಡದ್ದಕ್ಕಿಂತ +0.3 ಎತ್ತಿ ಕೊಡಿ, ಕಾಗದಕ್ಕೆ ಹಿಂಬೆಳಕಿಲ್ಲ.

ಸೊಡರು
ಈಗಾಗಲೇ ತೆಗೆದ ಚಿತ್ರಗಳ ವಿಷಯ ಉಳಿದಿದೆ.

ಮಸಿಕುಡಿಕೆ
ಬ್ರೈಟ್‌ನೆಸ್ ಒಂದನ್ನೇ ಎಳೆದರೆ ಬೂದಿ ಬಣ್ಣಕ್ಕೆ ತಿರುಗುತ್ತೆ, ಅದನ್ನು ಮಾಡಬೇಡಿ. ಮೊದಲು ನೆರಳು, ಆಮೇಲೆ ಕಪ್ಪು, ಕೊನೆಗೆ ಹೊಳಪು.

ಸ್ನ್ಯಾಪ್‌ಸೀಡ್‌ನಲ್ಲಿ ಟ್ಯೂನ್ ಇಮೇಜ್ ತೆರೆದು ಶ್ಯಾಡೋಸ್ −40ರಿಂದ −60, ಆಂಬಿಯನ್ಸ್ −20, ಬ್ರೈಟ್‌ನೆಸ್ −15. ಆಮೇಲೆ ಕರ್ವ್ಸ್‌ಗೆ ಹೋಗಿ ಕೆಳಗಿನ ಕಾಲು ಭಾಗದಲ್ಲಿ ಒಂದು ಬಿಂದು ಹಾಕಿ ಸ್ವಲ್ಪ ಕೆಳಗೆ ಎಳೆಯಿರಿ, ನಡುವಿನ ಬಿಂದುವನ್ನು ಇದ್ದಲ್ಲೇ ಇಡಿ. ಐಫೋನಿನ ಫೋಟೊಸ್‌ನಲ್ಲಾದರೆ ಬ್ರಿಲಿಯನ್ಸ್ −30, ಶ್ಯಾಡೋಸ್ −50, ಬ್ಲ್ಯಾಕ್ ಪಾಯಿಂಟ್ +20. ವಾರ್ಮ್ತ್ ಅನ್ನು ಸ್ವಲ್ಪ ಏರಿಸಿ. ಈ ಅಂಕಿಗಳು ಆರಂಭಕ್ಕೆ ಮಾತ್ರ, ಚಿತ್ರ ನೋಡಿ ಬದಲಿಸಿ.

ದೀಪದ ಕುಡಿ ಪೂರ್ತಿ ಬಿಳಿಯಾಗಿದ್ದರೆ ಬಿಟ್ಟುಬಿಡಿ. ಹೈಲೈಟ್ಸ್ ಎಳೆದರೆ ಬಿಳಿ ಹೋಗಿ ಬೂದು ಚುಕ್ಕೆ ಬರುತ್ತೆ, ಅದು ಇನ್ನೂ ಕೆಟ್ಟದ್ದು.

ಮುಂದಿನ ಸಲಕ್ಕೆ ರಾ (ಫೋನು ಪೂರ್ತಿ ಸಂಸ್ಕರಿಸದೆ ಬಿಡುವ ಕಡತ) ತೆಗೆಯೋಕೆ ಕಲಿಯಿರಿ. ಸ್ಯಾಮ್‌ಸಂಗ್‌ನ ಎಕ್ಸ್‌ಪರ್ಟ್ ರಾ, ಪಿಕ್ಸೆಲ್‌ನ ರಾ, ಐಫೋನ್ ಪ್ರೊಗಳ ಪ್ರೊರಾ, ಇವು ಹಲವು ಫ್ರೇಮು ಕೂಡಿಸಿದ ಮೇಲಿನ ಡಿಎನ್‌ಜಿ ಕಡತ. ನಾಯ್ಸ್ ಕಡಿಮೆ, ಆದರೆ ಎಷ್ಟು ಬೆಳಗಿಸಬೇಕು ಅನ್ನೋ ತೀರ್ಮಾನ ನಿಮ್ಮದು. ಐಫೋನಿನಲ್ಲಿ ಈ ಸಂಸ್ಕರಣೆಯೇ ಬೇಡ ಅನ್ನುವವರಿಗೆ ಹ್ಯಾಲೈಡ್ ಆ್ಯಪ್‌ನ ಪ್ರೊಸೆಸ್ ಝೀರೊ ಇದೆ, 2024ರಲ್ಲಿ ಬಂದದ್ದು. ಒಂದೇ ಫ್ರೇಮು, ಜೋಡಣೆ ಇಲ್ಲ. ಕಾಳು ಕಾಣುತ್ತೆ, ಕತ್ತಲು ಕತ್ತಲಾಗೇ ಇರುತ್ತೆ.

ಬಯಲುಸೀಮೆ
ಝೂಮ್ ಮಾಡಿದ್ರ ಇನ್ನೂ ಕೆಡ್ತದ ಯಾಕ ಅಂತ ಕೇಳೋರು ಭಾಳ ಮಂದಿ. ಕತ್ತಲದಾಗ 3ಎಕ್ಸ್ ಒತ್ತಿದ್ರೂ ಫೋನು ಟೆಲಿ ಲೆನ್ಸ್ ತಗೊಳೂದಿಲ್ಲ, ಮುಖ್ಯ ಲೆನ್ಸಿನ ಚಿತ್ರಾನೇ ಕತ್ತರಿಸಿ ಹಿಗ್ಗಸ್ತದ. ಟೆಲಿ ಲೆನ್ಸ್ ಮ್ಯಾಲೆ ಬೆರಳು ಇಟ್ಟು ನೋಡ್ರಿ, ಪರದೆ ಕಪ್ಪಾಗಲಿಲ್ಲಂದ್ರ ಅದು ಟೆಲಿ ಅಲ್ಲ. ಕ್ಯಾಮೆರಾ ಅಸಿಸ್ಟೆಂಟ್‌ದಾಗ ಆಟೊ ಲೆನ್ಸ್ ಸ್ವಿಚಿಂಗ್ ಬಂದ್ ಮಾಡಿದ್ರ ಒತ್ತಿದ ಲೆನ್ಸೇ ಬರ್ತದ.

ಚಂದ್ರನ್ನ ತಗಿಯೂದು ಮಾತ್ರ ಪೂರ್ತಿ ಬ್ಯಾರೆ. ಚಂದ್ರನ ಮ್ಯಾಲೆ ಬಿದ್ದದ್ದು ಬಿಸಿಲು. ಹುಣ್ಣಿಮಿಗೆ ಎಫ್/3.4 ಟೆಲಿ, ಐಎಸ್‌ಒ 100, 1/1000 ಸಾಕು. ಆಟೊದಾಗ ಬಿಟ್ರ ಸುತ್ತಲ ಕಪ್ಪು ನೋಡಿ 1/15 ಕೊಟ್ಟು ಚಂದ್ರನ್ನ ಬಲ್ಬ್ ಮಾಡ್ತದ.

ಹಳೇಲೆನ್ಸ್
ಬೆಳದಿಂಗಳಿನ ಬಯಲಿಗೆ ಒಂದು ಮಾತು ಸೇರಿಸ್ತೀನಿ. ಅಂಥ ಮಂದ ಬೆಳಕಿನಲ್ಲಿ ಕಣ್ಣಿನ ಬಣ್ಣ ಗ್ರಹಿಸುವ ಶಂಕು ಕೋಶಗಳು ಹಿಂದೆ ಸರಿದು ಸಲಾಕೆ ಕೋಶಗಳು ಕೆಲಸ ಮಾಡುತ್ತವೆ. ನಮಗೆ ಕೆಂಪು ಕಪ್ಪಾಗಿ, ಎಲ್ಲವೂ ನೀಲಿ ಬೂದಾಗಿ ಕಾಣುತ್ತೆ. ಫೋನಿಗೆ ಆ ಮಿತಿ ಇಲ್ಲ, ಹಸಿರು ಹುಲ್ಲು ಹಸಿರಾಗೇ ಬರುತ್ತೆ, ಅದಕ್ಕೇ ಬೆಳದಿಂಗಳ ಚಿತ್ರ ಮಧ್ಯಾಹ್ನದ ಹಾಗೆ ಕಾಣೋದು. ಹೊಳಪು ಇಳಿಸಿದರಷ್ಟೇ ಸಾಲದು, ಸ್ಯಾಚುರೇಶನ್ ಅನ್ನು −30ರಿಂದ −40 ಇಳಿಸಿ, ಬಣ್ಣವನ್ನು ನೀಲಿ ಕಡೆ ಸ್ವಲ್ಪ ಸರಿಸಿ.

ಮೈಸೂರು ಅರಮನೆಯ ದೀಪಾಲಂಕಾರ ತೆಗೆಯುವವರಿಗೆ: ಸುಮಾರು ಒಂದು ಲಕ್ಷ ಬಲ್ಬುಗಳ ಸಾಲು, ಹಿಂದೆ ಆಕಾಶ. ಭಾನುವಾರ ಸಾಮಾನ್ಯವಾಗಿ ಸಂಜೆ 7ಕ್ಕೆ ಹೊತ್ತಿಸುತ್ತಾರೆ. ಜೂನ್, ಜುಲೈನಲ್ಲಿ ಸೂರ್ಯ 6.50ರ ಹೊತ್ತಿಗೆ ಮುಳುಗುವುದರಿಂದ, ಮೋಡವಿಲ್ಲದಿದ್ದರೆ 7ಕ್ಕೆ ಆಕಾಶದಲ್ಲಿ ನೀಲಿ ಇರುತ್ತೆ, −0.7 ಸಾಕು. ಡಿಸೆಂಬರಿನಲ್ಲಿ 6ಕ್ಕೇ ಮುಳುಗಿ 7ಕ್ಕೆ ಪೂರ್ತಿ ಕಪ್ಪು, ಆಗ −1.7 ಬೇಕು. ಲೆನ್ಸನ್ನು ಹತ್ತಿ ಬಟ್ಟೆಯಲ್ಲಿ ಒರೆಸಿಯೇ ತೆಗೆಯಿರಿ. ಬೆರಳಿನ ಜಿಡ್ಡಿದ್ದರೆ ಒಂದೊಂದು ಬಲ್ಬೂ ಹರಡಿ ಆಕಾಶವೇ ಬೂದಾಗುತ್ತೆ. ಆ ಬೂದನ್ನು ಯಾವ ಸೆಟಿಂಗೂ ತೆಗೆಯಲ್ಲ.

ಚೆಂಡೆಮದ್ದಳೆ
ಕಡೇದೊಂದು. ಇಷ್ಟೆಲ್ಲ ಮಾಡಿ ಕಪ್ಪು ಉಳಿಸಿದ ಚಿತ್ರವನ್ನು ವಾಟ್ಸ್‌ಆ್ಯಪ್‌ಗೆ ಹಾಕಿದ ಕೂಡ್ಲೆ ಹಿಂದಿನ ಕಪ್ಪಿನಲ್ಲಿ ಮೆಟ್ಟಿಲು ಮೆಟ್ಟಿಲು ಥರ ಬರ್ತದಲ್ಲ?

ಮಸಿಕುಡಿಕೆ
ಕುಗ್ಗಿಸುವಾಗ ನೆರಳಿನ ನಯವಾದ ಏರಿಳಿತವನ್ನು ಕೆಲವೇ ಹಂತಗಳಿಗೆ ಇಳಿಸಿಬಿಡುತ್ತೆ, ಆ ಅಂಚುಗಳೇ ಮೆಟ್ಟಿಲು. ಕಳಿಸೋ ಮುಂಚೆ ಸಣ್ಣ ಕಾಳು ಸೇರಿಸಿದರೆ ಅಂಚು ಒಡೆದುಹೋಗುತ್ತೆ. ಲೈಟ್‌ರೂಮ್ ಮೊಬೈಲ್‌ನಲ್ಲಿ ಗ್ರೇನ್ 10ರಿಂದ 15. ಆಮೇಲೆ ಎಚ್‌ಡಿ ಆಯ್ಕೆ ಒತ್ತಿ ಕಳಿಸಿ. ಒಬ್ಬರಿಗೋ ಗುಂಪಿಗೋ ಆದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ಕಡತವೇ ಹೋಗುತ್ತೆ. ಸ್ಟೇಟಸ್‌ಗೆ ಆ ದಾರಿ ಇಲ್ಲ, ಅಲ್ಲಿಗೆ ಗ್ರೇನ್ 20ರವರೆಗೂ ಹೋಗಬಹುದು.